ಭಟ್ಟಿ ತೆರೆದ ದೃಶ್ಯ

ಈ ದೃಶ್ಯವನ್ನು ನಿಜವಾಗಿ ನೋಡಿದ್ದೀರಾ ಎಂದು ಯಾರಾದರೂ ಕೇಳಿದರೆ ಈಗ ನಾನು ಆಣೆ ಮಾಡಿ ಹೇಳಲಾರೆ. ನೋಡಿದ್ದೇನೆ ಎನ್ನುತ್ತವೆ ಕಣ್ಣುಗಳು. ನೋಡಿರಲು ಸಾಧ್ಯವೇ ಇಲ್ಲ ಎನ್ನುತ್ತದೆ ಉಳಿದೆಲ್ಲ ಪುರಾವೆ.

ದೃಶ್ಯ ಇಷ್ಟು. ಕಪ್ಪು ಉಡುಪಿನ ಒಬ್ಬ ವಿಧವೆ ಹೆಂಚಿನ ಭಟ್ಟಿಯ ಮುಂದೆ ನಿಂತಿದ್ದಾಳೆ. ಭಟ್ಟಿಯ ಬಾಗಿಲಿಗೆ ಇಟ್ಟಿಗೆ ಒಟ್ಟಿ ಮಣ್ಣು ಮೆತ್ತಿದೆ. ಅವಳು ಮೇಲಿನ ಮೂಲೆಯಿಂದ ಒಂದೇ ಒಂದು ಇಟ್ಟಿಗೆ ಕೀಳುತ್ತಾಳೆ. ಒಳಗಿನ ಬಿಸಿ ಹೊರಬಂದು ಅವಳ ಹಣೆಯ ಮೇಲಿನ ಕೂದಲು ಅಲುಗುತ್ತದೆ. ಕಾಯುತ್ತಾಳೆ. ಇನ್ನೊಂದು ಇಟ್ಟಿಗೆ. ಮತ್ತೆ ಕಾಯುತ್ತಾಳೆ. ಕೊನೆಗೆ ಹೆಗಲ ಮೇಲಿನ ಬಟ್ಟೆ ಎಳೆದು ಕೈಗೆ ಸುತ್ತಿಕೊಂಡು ಒಳಗೆ ಕೈ ಹಾಕುತ್ತಾಳೆ. ಮುಂಗೈ ಇಟ್ಟಿಗೆಗೆ ತಗಲಿ ಸುಡುತ್ತದೆ, ಆದರೆ ಅವಳು ಕೈ ಹಿಂದೆ ತೆಗೆಯುವುದಿಲ್ಲ. ಹೊರಬಂದ ಮೊದಲ ಹೆಂಚನ್ನು ಅವಳು ನೋಡುವುದೂ ಇಲ್ಲ. ಕಿವಿಯ ಹತ್ತಿರ ಹಿಡಿದು ಬೆರಳ ಗಿಣ್ಣಿನಿಂದ ಒಮ್ಮೆ ಬಡಿಯುತ್ತಾಳೆ. ಖಣ್. ಆಮೇಲೆ ಅವಳ ಮುಖ.

ಎಂಟು ವರ್ಷ ಈ ದೃಶ್ಯವನ್ನು ನಾನು ನನ್ನ ವಿದ್ಯಾರ್ಥಿಗಳಿಗೆ ಹೇಳಿದ್ದೇನೆ. ಕಾದಂಬರಿ ಸಿನಿಮಾ ಆಗುವುದೆಂದರೆ ಏನು ಎಂಬ ಪ್ರಶ್ನೆಗೆ ನನ್ನ ಬಳಿ ಇದ್ದ ಒಂದೇ ಪೂರ್ಣ ಉತ್ತರ ಇದು.

ನಾನು ಸುಲಭವಾಗಿ ನಂಬುವ ಆಸಾಮಿಯಲ್ಲ. ಧಾರವಾಡದಲ್ಲಿ ಎಂ.ಎ. ಓದುವಾಗ ಕಲಿತದ್ದು ಒಂದೇ ಪ್ರಶ್ನೆ: ಪುರಾವೆ ಎಲ್ಲಿದೆ? ಪುರಾಣ ಕೇಳುವಾಗಲೂ ಅದೇ, ಪತ್ರಿಕೆ ಓದುವಾಗಲೂ ಅದೇ. ಬೆಳಗಾವಿಯ ಕಾಲೇಜಿನಲ್ಲಿ ಪಾಠ ಹೇಳಲು ಬಂದ ಮೇಲೆ ಈ ಗುಣ ಹೆಚ್ಚಾಯಿತೇ ಹೊರತು ಕಡಿಮೆಯಾಗಲಿಲ್ಲ. ತರಗತಿಯಲ್ಲಿ ಒಂದು ಕಡೆ ನಿಂತು ಮಾತಾಡಲು ನನಗೆ ಬರುವುದಿಲ್ಲ. ಕಿಟಕಿಯಿಂದ ಬಾಗಿಲಿಗೆ, ಬಾಗಿಲಿನಿಂದ ಕಿಟಕಿಗೆ ಓಡಾಡುತ್ತಲೇ ಇರುತ್ತೇನೆ. ಭಟ್ಟಿಯ ದೃಶ್ಯ ಹೇಳುವಾಗ ಮಾತ್ರ ನಿಂತುಬಿಡುತ್ತಿದ್ದೆ. ಇದನ್ನು ನಾನೇ ಗಮನಿಸಿದ್ದಲ್ಲ. ಒಬ್ಬ ವಿದ್ಯಾರ್ಥಿನಿ ಹೇಳಿದ್ದು.

ಬೆಳಗಾವಿಯ ಟಿಳಕವಾಡಿಯಲ್ಲಿ ನನ್ನ ಗೆಳೆಯನ ಬಟ್ಟೆ ಅಂಗಡಿ ಇದೆ. ಅದರ ಮಾಳಿಗೆಯ ಮೇಲೆ ರವಿವಾರ ಬೆಳಿಗ್ಗೆ ನಾವು ಮೂವತ್ತು ಜನ ಕೂಡಿ ಸಿನಿಮಾ ನೋಡುತ್ತೇವೆ. ಬೆಳಿಗ್ಗೆಯೇ ಯಾಕೆಂದರೆ ಗೆಳೆಯ ಜೈನ. ಹೊತ್ತು ಮುಳುಗುವುದರೊಳಗೆ ಊಟ ಮುಗಿಯಬೇಕು. ಒಮ್ಮೆ ಸಂಜೆ ಆಟ ಇಟ್ಟಾಗ ಕಥೆಯ ಕೊನೆಯ ಸಾವಿಗೆ ಹತ್ತು ನಿಮಿಷ ಇರುವಾಗ ಎದ್ದು ಹೋದ. "ಆಕಿ ಸಾಯೂದು ಹೆಂಗೂ ಸಾಯ್ತಾಳ, ನನ್ನ ಊಟ ತಪ್ಪತೈತಿ" ಎಂದು ಮೆಟ್ಟಿಲಿನಿಂದಲೇ ಕೂಗಿದ. ಅಂದಿನಿಂದ ಎಲ್ಲ ಆಟಗಳೂ ಬೆಳಿಗ್ಗೆ.

ಒಂಬತ್ತು ವರ್ಷದ ಹಿಂದೆ ಒಂದು ಚಳಿಗಾಲ ಪೂರ್ತಿ ಫ್ರೆಂಚ್ ಕಾದಂಬರಿಗಳ ಮೇಲೆ ಯುರೋಪಿನಲ್ಲಿ ತೆಗೆದ ಸಿನಿಮಾಗಳನ್ನೇ ತೋರಿಸಿದೆವು. ಅದು ನನ್ನ ಹಟ. ಒಂದನ್ನು ಇಟಲಿಯವರು ತೆಗೆದಿದ್ದರು, ಪ್ಯಾರಿಸ್ಸಿನ ಬೀದಿಯನ್ನು ಎತ್ತಿ ತಮ್ಮ ಬಂದರಿನಲ್ಲಿ ಇಟ್ಟು. ಒಂದು ಪೋಲೆಂಡಿನದು, ಕಾದಂಬರಿಯ ಬೇಸಿಗೆಯೆಲ್ಲ ಅಲ್ಲಿ ಹಿಮವಾಗಿತ್ತು. ಎರಡು ಫ್ರೆಂಚರವೇ. ಅವು ಪುಸ್ತಕಕ್ಕೆ ತುಂಬ ವಿಧೇಯ, ಅದಕ್ಕೇ ಬೇಜಾರು ಎಂದು ನಾನು ವಾದಿಸಿದೆ. ಕಾದಂಬರಿಕಾರ ‘ಚಳಿಗಾಲ ಕಳೆಯಿತು’ ಎಂದು ಎರಡು ಶಬ್ದ ಬರೆದು ಮುಂದೆ ಹೋಗಬಹುದು. ಸಿನಿಮಾದವನಿಗೆ ಆ ಸವಲತ್ತು ಇಲ್ಲ. ಅವನು ಒಂದು ಮರ, ಒಂದು ಕೊಡ, ಒಂದು ಮುಖ ಹುಡುಕಲೇಬೇಕು. ಪುಸ್ತಕ ಹೇಳಿ ಮುಗಿಸಿದ್ದನ್ನು ಅವನು ಮೊದಲಿನಿಂದ ಕಾಣಬೇಕು. ಈ ಕಷ್ಟ ನನ್ನನ್ನು ಆಗಲೂ ಬೆರಗುಗೊಳಿಸುತ್ತಿತ್ತು, ಈಗಲೂ ಬೆರಗುಗೊಳಿಸುತ್ತದೆ.

ಐದನೆಯ ಸಿನಿಮಾ ಪೋರ್ಚುಗಲ್‌ನದು. ಉತ್ತರ ಫ್ರಾನ್ಸಿನ ಹಳ್ಳಿಯ ಕಥೆಯನ್ನು ತಮ್ಮ ಗುಡ್ಡಗಳಿಗೆ ತಂದಿದ್ದರು. ಹೆಂಚಿನ ಭಟ್ಟಿಯ ಮಾಲಕ ಹಸಿ ಹೆಂಚು ಭಟ್ಟಿಗೆ ತುಂಬಿಸಿಟ್ಟು ಸತ್ತುಹೋಗುತ್ತಾನೆ. ಹೆಂಗಸಿಗೆ ಭಟ್ಟಿ ಸುಡಲು ಬರುವುದಿಲ್ಲ, ನಮಗೆ ಬಿಡು ಎನ್ನುತ್ತಾರೆ ಅವನ ಅಣ್ಣತಮ್ಮಂದಿರು. ಈ ಒಂದು ಭಟ್ಟಿ ನಾನೇ ಸುಡುತ್ತೇನೆ, ಕೆಟ್ಟರೆ ಬಿಟ್ಟು ಹೋಗುತ್ತೇನೆ ಎನ್ನುತ್ತಾಳೆ ಹೆಂಡತಿ. ಕಥೆ ಇಷ್ಟೇ. ಇದನ್ನು ಖಾನಾಪುರದಲ್ಲಿ ತೋರಿಸೋಣ ಎಂದವನು ನಾನೇ. ಅಲ್ಲಿ ಹೆಂಚು, ಇಟ್ಟಿಗೆ, ಮಡಕೆಯ ಕೆಲಸ ಬಲ್ಲವರು ಈಗಲೂ ಇದ್ದಾರೆ.

ಒಂದು ತೊಡಕು. ಪರದೆಯ ಕೆಳಗೆ ಬರುವ ಇಂಗ್ಲಿಷ್ ಅಕ್ಷರಗಳನ್ನು ಓದುವವರು ಆ ಸಭೆಯಲ್ಲಿ ಕಡಿಮೆ. ಅದಕ್ಕೆ ಅಕ್ಕೋರು ಬಂದರು.

ಅಕ್ಕೋರು ಎಂದರೆ ನಿವೃತ್ತ ಶಿಕ್ಷಕಿ. ನಂದಗಡದವರು, ಖಾನಾಪುರದಲ್ಲಿ ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಕಲಿಸಿ ಅಲ್ಲೇ ಉಳಿದವರು. ಅರ್ಧ ಊರು ಅವರ ವಿದ್ಯಾರ್ಥಿ, ಹಾಗಾಗಿ ಇಡೀ ಊರಿಗೆ ಅಕ್ಕೋರು. ಆ ಕಾದಂಬರಿಯ ಮರಾಠಿ ಅನುವಾದ ಅವರ ಹತ್ತಿರ ಇತ್ತು. ರಟ್ಟು ಹರಿದು, ಹಳೆಯ ಕ್ಯಾಲೆಂಡರಿನ ಹಾಳೆ ಹೊದ್ದುಕೊಂಡಿತ್ತು. ಪರದೆಯ ಬಾಜೂಕ್ಕೆ ಮೈಕು ಹಿಡಿದು ನಿಂತು ಪಾತ್ರಗಳ ಮಾತನ್ನು ಕನ್ನಡ, ಮರಾಠಿ ಎರಡರಲ್ಲೂ ಹೇಳುವುದು ಅವರ ಕೆಲಸ. ಜಗಳವೆಲ್ಲ ಅವರ ಬಾಯಲ್ಲಿ ಮರಾಠಿಯಲ್ಲಿ ಬರುತ್ತಿತ್ತು, ಸಮಾಧಾನ ಕನ್ನಡದಲ್ಲಿ. ಯಾಕೆ ಹಾಗೆ ಎಂದು ಕೇಳಿದ್ದೆ. "ಯಾವುದು ಮೊದಲ ನಾಲಗಿಗೆ ಬರತದೋ ಅದು. ನಂದೇನ ಅದ ಅದ್ರಾಗ?" ಎಂದಿದ್ದರು.

ರವಿವಾರ, ಬೆಳಿಗ್ಗೆ ಹನ್ನೊಂದು. ಶಾಲೆಯ ಸಭಾಂಗಣ. ಕಿಟಕಿಗಳಿಗೆ ಲಾರಿಯ ತಾಡಪತ್ರಿ ಕಟ್ಟಿ ಕತ್ತಲೆ ಮಾಡಿದ್ದೆವು. ಗೆಳೆಯ ಬಂದಿರಲಿಲ್ಲ, ಅವನ ಮನೆಯಲ್ಲಿ ಮದುವೆ. ಲ್ಯಾಪ್‌ಟಾಪು ನನ್ನ ತೊಡೆಯ ಮೇಲೆ. ನೂರರ ಹತ್ತಿರ ಜನ. ‘ಹೆಂಚಿನ ಸಿನಿಮಾ ಅದ ಬರ್ರಿ’ ಎಂದು ಅಕ್ಕೋರು ಓಣಿ ಓಣಿ ತಿರುಗಿ ಕರೆದಿದ್ದರು.

ಮೊದಲ ದೃಶ್ಯದಲ್ಲೇ ಕೆಂಪು ಹೆಂಚಿನ ಮನೆಗಳು ಕಂಡವು. ಹಿಂದಿನ ಸಾಲಿನಿಂದ ಒಂದು ದನಿ: "ಅಕ್ಕೋರ, ಇದು ನಮ್ಮ ಲೋಂಡಾ ಅಲ್ಲೇನ್ರಿ?"

"ಲೋಂಡಾ ಅಲ್ಲೋ, ಪೋರ್ಚುಗಲ್. ಗೋವಾದವ್ರಿಗೆ ಹೆಂಚ ಹೊದಿಸಾಕ ಕಲಿಸಿದವ್ರು."

"ನಮಗ ಯಾರೂ ಕಲಿಸಿಲ್ಲ ನೋಡ್ರಿ" ಎಂದಿತು ಇನ್ನೊಂದು ಮುದಿ ದನಿ. "ನಮ್ಮಜ್ಜ ಹೊಟ್ಟ್ಯಾಗ ಇದ್ದಾಗನ ಕಲ್ತ ಬಂದಾನ."

ಎಲ್ಲರೂ ನಕ್ಕರು. ಆ ದನಿ ಚಾಚಾರದು. ಅವರ ಮನೆತನ ತಲೆಮಾರುಗಳಿಂದ ಭಟ್ಟಿ ಸುಡುತ್ತ ಬಂದದ್ದು. ಊರಲ್ಲಿ ಅವರನ್ನು ಹೆಸರು ಹಿಡಿದು ಕರೆದದ್ದನ್ನು ನಾನು ಕೇಳಿಲ್ಲ. ಸಿನಿಮಾದುದ್ದಕ್ಕೂ ಚಾಚಾ ತೀರ್ಪು ಕೊಡುತ್ತಲೇ ಇದ್ದರು. ಮಣ್ಣು ಸರಿಯಾಗಿ ತುಳಿದಿಲ್ಲ. ಕಟ್ಟಿಗೆ ಹಸಿ ಐತಿ. ಆ ಹೊಗೆ ಮಾತ್ರ ಖರೇ ಹೊಗೆ.

ನನಗೆ ಸಿಟ್ಟು ಬಂದದ್ದು ಅವರ ಮೇಲಲ್ಲ, ಅಕ್ಕೋರ ಮೇಲೆ. ದೊಡ್ಡ ಮೈದುನ ಬಾಗಿಲಲ್ಲಿ ಕಾಣಿಸಿದ ಕೂಡಲೇ ಅವರು ಮೈಕಿನಲ್ಲಿ ಹೇಳಿಬಿಟ್ಟರು: "ಇಂವ ಮುಂಚೆ ಇದ ಹೆಣ್ಣಮಗಳನ್ನ ಲಗ್ನ ಆಗಬೇಕಂತ ಇದ್ದಾಂವ. ಸಿನಿಮಾದಾಗ ಹೇಳೂದಿಲ್ಲ, ಪುಸ್ತಕದಾಗ ಅದ. ಅದಕ್ಕ ನಾ ಹೇಳಾಕತ್ತೀನಿ." ನಿರ್ದೇಶಕ ಬೇಕೆಂದೇ ಮುಚ್ಚಿಟ್ಟಿದ್ದ ಗುಟ್ಟು ಅದು. ಆಮೇಲೆ ವಿಧವೆ ಭಟ್ಟಿಯ ಬಾಗಿಲಿಗೆ ಮಣ್ಣು ಮೆತ್ತಿದಳು. ಆಮೇಲೆ ನಾನು ಮೊದಲೇ ಹೇಳಿದ ದೃಶ್ಯ. ಆಮೇಲೆ ವಸಂತ, ಹೆಂಚು ಹೇರಿದ ಬಂಡಿಗಳು ಗುಡ್ಡ ಇಳಿದವು. ಜನ ಚಪ್ಪಾಳೆ ತಟ್ಟಿದರು. ನನಗೆ ಚಪ್ಪಾಳೆ ತಟ್ಟಲು ಕೈ ಬರಲಿಲ್ಲ, ಅಷ್ಟು ಬೆರಗಾಗಿದ್ದೆ. ಬಸ್ಸಿನಲ್ಲಿ ಬೆಳಗಾವಿಗೆ ಬರುವಾಗ ದಾರಿಯುದ್ದ ಆ ‘ಖಣ್’ ಕಿವಿಯಲ್ಲಿ ಇತ್ತು.

ಮುಂದಿನ ರವಿವಾರ ಟಿಳಕವಾಡಿಯ ಮಾಳಿಗೆಯಲ್ಲಿ ಚರ್ಚೆ. ಅಕ್ಕೋರು ಬೆಳಗಿನ ಬಸ್ಸು ಹಿಡಿದು ಬಂದು ಮೂರನೇ ಸಾಲಿನಲ್ಲಿ ಕೂತಿದ್ದರು. ನಾನು ಅರ್ಧ ತಾಸು ಮಾತಾಡಿದೆ. ಕಾದಂಬರಿಯಲ್ಲಿ ಇರುವುದು ‘ಮಂಗಳವಾರ ಭಟ್ಟಿ ತೆರೆಯಲಾಯಿತು’ ಎಂಬ ಒಂದೇ ಸಾಲು, ಲೇಖಕನಿಗೆ ಬೆಂಕಿ ಗೊತ್ತಿರಲಿಲ್ಲ, ಅವನು ವಕೀಲರ ಪತ್ರಗಳನ್ನು ಹನ್ನೆರಡು ಪುಟ ಬರೆದ. ನಿರ್ದೇಶಕ ಆ ಒಂದು ಸಾಲಿನೊಳಗೆ ಇಟ್ಟಿಗೆ ಇಟ್ಟಿಗೆಯಾಗಿ ಇಳಿದ, ಕೈಗೆಲಸದವನ ಕಣ್ಣು ಅವನದು ಎಂದೆ. ಅದೇ ಉಸಿರಿನಲ್ಲಿ, ಪರದೆಯ ಬಾಜೂಕ್ಕೆ ನಿಂತವರು ಸಿನಿಮಾದಲ್ಲಿ ಇಲ್ಲದ್ದನ್ನು ಸೇರಿಸುವುದು ಕಲೆಗೆ ಮಾಡುವ ಅನ್ಯಾಯ ಎಂದೂ ಹೇಳಿದೆ.

ಅಕ್ಕೋರು ಒಂದೇ ಮಾತು ಹೇಳಿದರು. "ಗೊತ್ತಿದ್ದದ್ದನ್ನ ಹೇಳದ ಬಿಡೂದು ಸಾಲಿ ಕಲಿಸಿದವ್ರಿಗೆ ಕಷ್ಟ ಆಗತದ್ರಿ, ಸರ."

ಜನ ನಕ್ಕರು. ಗೆಳೆಯ ನಗಲಿಲ್ಲ. ಇನ್ನು ಮುಂದೆ ಖಾನಾಪುರದಲ್ಲೂ ಬರೀ ಸಿನಿಮಾ, ಮೈಕು ಬೇಡ ಎಂದು ನಿರ್ಧಾರವಾಯಿತು. ಮುಂದಿನ ಆಟಕ್ಕೆ ಅಲ್ಲಿ ಇಪ್ಪತ್ತು ಜನ ಬಂದರು. ಅದರ ಮುಂದಿನದಕ್ಕೆ ಆರು. ಆಮೇಲೆ ನಾವೇ ಹೋಗಲಿಲ್ಲ. ಅಕ್ಕೋರೂ ಟಿಳಕವಾಡಿಗೆ ಮತ್ತೆ ಬರಲಿಲ್ಲ.

ಕಳೆದ ವರ್ಷ ಗೆಳೆಯ ಫ್ರೆಂಚ್ ಸರಣಿಯನ್ನು ಇನ್ನೊಮ್ಮೆ ಇಡೋಣ ಎಂದ. ಟಿಪ್ಪಣಿ ಬರೆಯುವ ಕೆಲಸ ನನಗೆ ಬಂತು. ಪೋರ್ಚುಗಲ್‌ನ ಸಿನಿಮಾ ಈಗ ಅಂತರ್ಜಾಲದಲ್ಲಿ ಸಿಗುತ್ತದೆ, ಚೊಕ್ಕ ಮಾಡಿದ ಪ್ರತಿ. ದೃಶ್ಯದ ಸರಿಯಾದ ನಿಮಿಷ ಗುರುತು ಹಾಕಿಕೊಳ್ಳಲು ಕೂತೆ. ವಿಧವೆ ಮಣ್ಣು ಮೆತ್ತಿದಳು. ಕೈ ಒರೆಸಿಕೊಂಡಳು. ಮರುಕ್ಷಣ ವಸಂತ, ಬಂಡಿಗಳು ಗುಡ್ಡ ಇಳಿಯುತ್ತಿವೆ.

ಹಿಂದೆ ಓಡಿಸಿ ನೋಡಿದೆ. ಮಣ್ಣು, ಬಂಡಿ. ಇನ್ನೊಮ್ಮೆ. ಮಣ್ಣು, ಬಂಡಿ. ನಡುವೆ ಏನೂ ಇಲ್ಲ.

ಕತ್ತರಿಸಿದ ಪ್ರತಿ ಇರಬೇಕು ಎಂದುಕೊಂಡೆ. ನಾವು ಅಂದು ತೋರಿಸಿದ್ದ ಪ್ರತಿಯೇ ನನ್ನ ಹಳೆಯ ಹಾರ್ಡ್ ಡಿಸ್ಕಿನಲ್ಲಿ ಇತ್ತು. ಅದರಲ್ಲೂ ಮಣ್ಣು, ಬಂಡಿ. ಚಿತ್ರಕಥೆ ಪುಸ್ತಕವಾಗಿ ಬಂದಿತ್ತು, ಅದನ್ನು ತರಿಸಿದೆ. ಅದರಲ್ಲೂ ಅಷ್ಟೇ. ನಿರ್ದೇಶಕ ಆ ಒಂದು ಸಾಲನ್ನೂ ಬಿಟ್ಟು ಮುಂದೆ ಹೋಗಿದ್ದ. ಆಮೇಲೆ ನನಗೆ ಹೊಳೆದದ್ದು ಬಟ್ಟೆ. ಸಿನಿಮಾದ ವಿಧವೆ ಮೊದಲಿಂದ ಕೊನೆಯವರೆಗೂ ಕುತ್ತಿಗೆ ಮುಚ್ಚುವ ಅಂಗಿ ತೊಟ್ಟಿದ್ದಾಳೆ, ಮೇಲೊಂದು ಏಪ್ರನ್ನು. ಅವಳ ಹೆಗಲ ಮೇಲೆ ಎಳೆದುಕೊಳ್ಳಲು ಬಟ್ಟೆಯೇ ಇಲ್ಲ. ನಾನು ನೋಡಿದವಳು ಕೈಗೆ ಸುತ್ತಿಕೊಂಡದ್ದು ಸೆರಗು.

ಎಂಟು ವರ್ಷ ಅದು ಸೆರಗು ಎಂದು ನನಗೆ ಕಂಡಿರಲಿಲ್ಲ.

ಖಾನಾಪುರಕ್ಕೆ ಹೋದೆ. ಅಕ್ಕೋರು ಅಂಗಳದಲ್ಲಿ ಗೋಡಂಬಿ ಬೀಜ ಒಣಹಾಕುತ್ತಿದ್ದರು. ನನ್ನನ್ನು ನೋಡಿ ಕಣ್ಣಿಗೆ ಕೈ ಅಡ್ಡ ಹಿಡಿದು, "ಬರ್ರಿ, ಕುಂದರ್ರಿ. ಅನ್ಯಾಯ ಮಾಡಿದವ್ರ ಮನಿಗೆ ಬಂದೀರಲ್ಲ!" ಎಂದರು. ಎಂಟು ವರ್ಷದಲ್ಲಿ ಒಂದು ಶಬ್ದವೂ ಮರೆತಿರಲಿಲ್ಲ.

ನಾನು ನೇರ ಕೇಳಿದೆ. ಭಟ್ಟಿ ತೆರೆಯುವ ದೃಶ್ಯ ನಿಮಗೆ ನೆನಪಿದೆಯೇ?

"ನೆನಪಿಲ್ಲದ ಏನು! ಆಕಿ ಹೆಂಚ ಬಡದು ಕೇಳತಾಳಲ್ಲ? ಅದ ಒಂದು ಸೀನಿಗೆ ಇಡೀ ಪುಸ್ತಕ ಕೊಟ್ಟ ಬಿಡಬಹುದು."

"ಅದು ಸಿನಿಮಾದಾಗ ಇಲ್ಲರಿ, ಅಕ್ಕೋರ."

"ಹುಚ್ಚಪ್ಪಾ, ಇತ್ತು. ನಾ ನೋಡೇನಿ."

ಇದನ್ನು ನಾನು ನಿರೀಕ್ಷಿಸಿರಲಿಲ್ಲ. ದೃಶ್ಯ ಅವರು ಕಟ್ಟಿದ್ದು ಎಂದು ನಾನು ಊಹಿಸಿಕೊಂಡು ಬಂದಿದ್ದೆ. ಅವರೂ ಅದನ್ನು ಕಣ್ಣಾರೆ ನೋಡಿದವರೇ! ಅವರು ಪಕ್ಕದ ಓಣಿಯಿಂದ ಚಾಚಾರನ್ನು ಕರೆಸಿದರು. ಚಾಚಾ ಕೋಲು ಊರಿಕೊಂಡು ಬಂದು ಕಟ್ಟೆಯ ಮೇಲೆ ಕೂತು, ಪೂರ್ತಿ ಕೇಳುವ ಮೊದಲೇ ತೀರ್ಪು ಕೊಟ್ಟರು.

"ಆ ಹೆಣ್ಣಮಗಳು ಮುಂಗೈ ಸುಟ್ಟಕೊಂಡದ್ದು ನಾ ನೋಡೀನಿ. ಇಲ್ಲಿ." ತಮ್ಮ ಮುಂಗೈ ಚಾಚಿ ಮಣಿಕಟ್ಟಿನ ಮೇಲೆ ತೋರಿಸಿದರು. ಅಲ್ಲಿ ಹಳೆಯ, ಬೆಳ್ಳಗಾದ ಕಲೆ ಇತ್ತು. "ಮ್ಯಾಲಿನ ಇಟ್ಟಂಗಿ ತಗದ ಮ್ಯಾಲ ಒಳಗ ಕೈ ಹಾಕಿದ್ರ ಎಲ್ಲಾರಿಗೂ ಇಲ್ಲೇ ತಾಗತೈತಿ."

ನಾನು ಲ್ಯಾಪ್‌ಟಾಪು ತೆರೆದೆ. ಮೂವರೂ ಬಗ್ಗಿ ನೋಡಿದೆವು. ಮಣ್ಣು, ಬಂಡಿ.

"ನಡುವ ಹಾರಿಸಿದ್ರಿ ನೀವು" ಎಂದರು ಚಾಚಾ.

ಎರಡನೆಯ ಸಲ ತೋರಿಸಿದೆ. ಮೂರನೆಯ ಸಲ ಅಕ್ಕೋರೇ ಒತ್ತಿ ನೋಡಿದರು. ಅಂಗಳದಲ್ಲಿ ಒಂದು ಕಾಗೆ ಬೀಜದ ಮೇಲೆ ಇಳಿದರೂ ಓಡಿಸಲಿಲ್ಲ.

"ಸರ" ಎಂದರು ಕೊನೆಗೆ, "ಅವತ್ತ ನಾ ಒಂದು ಮಾತ ಹೇಳಿದ್ದೆ. ತಾಡಪತ್ರಿ ತಗೀಬ್ಯಾಡ್ರಿ ಅಂತ. ಯಾರೋ ಕಿಡಕಿ ತೆರ್ಯಾಕ ಎದ್ದಿದ್ರು. ಸಿನಿಮಾ ನಡದಾಗ ತಾಡಪತ್ರಿ ಯಾಕ ತಗೀತಾರ?"

"ಕರೆಂಟ ಹೋಗಿರಬೇಕು" ಎಂದರು ಚಾಚಾ.

"ಹೋಗಿದ್ರ ನಮಗ ನೆನಪ ಇರೂದಿಲ್ಲೇನ್ರಿ?" ಎಂದೆ ನಾನು.

ಚಾಚಾ ನನ್ನನ್ನು ಕನಿಕರದಿಂದ ನೋಡಿದರು. "ಖಾನಾಪುರದಾಗ ಕರೆಂಟ ಹೋದದ್ದನ್ನ ಯಾರರೆ ನೆನಪ ಇಡ್ತಾರೇನ್ರಿ? ನೀವು ಉಂಡದ್ದು ನೆನಪ ಇಡ್ತೀರಿ, ಹಲ್ಲ ತಿಕ್ಕಿದ್ದು ಇಡ್ತೀರೇನು?"

ಅಲ್ಲಿಂದ ಇಬ್ಬರೂ ಒಂದೊಂದೇ ಎಳೆ ಹಿಡಿದು ಎಳೆಯತೊಡಗಿದರು. ಬಾಗಿಲಿಗೆ ಮಣ್ಣು ಮೆತ್ತಿದಾಗಲೇ ಪರದೆ ಕಪ್ಪಾಯಿತು. ಜನ ಏಳಲಿಲ್ಲ. ಹಿಂದಿನಿಂದ ಚಾಚಾ ಕೇಳಿದರು: ಮುಚ್ಚಿದರು ಸರಿ, ತೆರೆಯುವುದು ಯಾವಾಗ? ಪುಸ್ತಕದಲ್ಲಿ ಒಂದೇ ಸಾಲು ಇದೆ ಎಂದು ಅಕ್ಕೋರಿಗೆ ಗೊತ್ತಿತ್ತು. ಮೈಕು ಸತ್ತಿತ್ತು. ಅವರು ತರಗತಿಯ ದನಿಯಲ್ಲಿ, "ಅದು ನೀವ ಹೇಳಬೇಕು, ಹ್ಯಾಂಗ ತೆರೀತಾರ?" ಎಂದರು. ಚಾಚಾ ಹೇಳಿದರು: ಎಲ್ಲಾ ಒಮ್ಮೆಗೇ ತೆರೆದರೆ ಗಾಳಿ ಹೊಕ್ಕು ಹೆಂಚು ಸೀಳುತ್ತವೆ, ಮೇಲಿನ ಮೂಲೆಯಿಂದ ಒಂದು ಇಟ್ಟಿಗೆ, ಕಾಯಬೇಕು, ಇನ್ನೊಂದು. ಮೊದಲ ಹೆಂಚನ್ನು ನೋಡಬಾರದು, ಬಣ್ಣ ಸುಳ್ಳು ಹೇಳುತ್ತದೆ, ದನಿ ಹೇಳುವುದಿಲ್ಲ. ಚಾಚಾ ಹೇಳಿದ ಒಂದೊಂದು ಮಾತನ್ನೂ ಅಕ್ಕೋರು ಆ ವಿಧವೆಯ ಕೈಗೆ ಕೊಟ್ಟು, ಎರಡೂ ಭಾಷೆಯಲ್ಲಿ, ಅವಳೇ ಎದುರಿಗೆ ಮಾಡುತ್ತಿದ್ದಾಳೆ ಎನ್ನುವ ಹಾಗೆ ಹೇಳುತ್ತ ಹೋದರು. ಎಲ್ಲರೂ ಕಪ್ಪು ಪರದೆಯನ್ನೇ ನೋಡುತ್ತ ಕೂತರು.

"ಮತ್ತ ಆ ಖಣ್?" ಎಂದೆ.

ಅದು ಇಬ್ಬರಿಗೂ ಗೊತ್ತಿರಲಿಲ್ಲ. ಸಭಾಂಗಣದ ಮೂಲೆಯಲ್ಲಿ ಶಾಲೆಯ ಮಾಡಿಗೆಂದು ತಂದಿಟ್ಟ ಹೆಂಚಿನ ಒಟ್ಟಲು ಇತ್ತು, ಯಾರೋ ಬಡಿದಿರಬೇಕು ಎಂದರು ಅಕ್ಕೋರು. ಯಾರೂ ಬಡಿಯದೆಯೂ ಕೇಳಿರಬಹುದು ಎಂದರು ಚಾಚಾ. ಇದನ್ನು ಇಂದಿಗೂ ನಾನು ಖಚಿತ ಮಾಡಿಕೊಂಡಿಲ್ಲ.

ಅಕ್ಕೋರು ಒಮ್ಮೆಲೇ ನಗತೊಡಗಿದರು. "ಅಂದ್ರ ಟಿಳಕವಾಡ್ಯಾಗ ನೀವು ಅರ್ಧ ತಾಸ ಹೊಗಳಿದ್ದು ಚಾಚಾನ್ನ! ಬೈದದ್ದು ನನ್ನ! ಪೋರ್ಚುಗಲ್ಲಿನವಂಗ ಏನೂ ಸಂಬಂಧ ಇಲ್ಲ!"

"ನನ್ನ ಹೊಗಳಿದ್ರೇನು?" ಎಂದು ಚಾಚಾ ಸೆಟೆದು ಕೂತರು. "ಹಾರ ಹಾಕಬೇಕಾಗಿತ್ತು ಹಂಗಾದ್ರ."

ನಾನೂ ನಕ್ಕೆ. ಅಕ್ಕೋರು ಚಹಾ ತರಲು ಒಳಗೆ ಹೋದಾಗ ಕಟ್ಟೆಯ ಮೇಲಿನ ಪುಸ್ತಕಗಳ ಮಧ್ಯೆ ಒಂದು ನೋಟುಪುಸ್ತಕ ಕಂಡಿತು. ತೆಗೆದು ನೋಡಿದೆ. ಎಂಟು ವರ್ಷದ ಹಿಂದೆ ನಾವು ಖಾನಾಪುರಕ್ಕೆ ತರುತ್ತೇವೆ ಎಂದು ಮೊದಲೇ ಪ್ರತಿ ಕೊಟ್ಟಿದ್ದ ಆರನೆಯ ಸಿನಿಮಾದ ಮಾತುಗಳು. ಎಡಕ್ಕೆ ಕನ್ನಡ, ಬಲಕ್ಕೆ ಮರಾಠಿ, ಮೊದಲಿಂದ ಕೊನೆಯವರೆಗೆ. ಅಂಚಿನಲ್ಲಿ ಅಲ್ಲಲ್ಲಿ ಕೆಂಪು ಶಾಯಿಯಲ್ಲಿ ಬರೆದಿದ್ದರು: ‘ಇಲ್ಲಿ ಸುಮ್ಮನಿರುವುದು.’ ‘ಇದು ಪುಸ್ತಕದಲ್ಲಿದೆ. ಹೇಳಬಾರದು.’

ಚಹಾ ತಂದವರು ನನ್ನ ಕೈಯಲ್ಲಿ ಅದನ್ನು ನೋಡಿದರು. "ಕರೀತಾರ ಅಂತ ಮಾಡಿ ಇಟ್ಟಿದ್ದೆ. ನಿಮ್ಮ ಮಾತ ಕೇಳಿ ತಿದ್ದಕೊಂಡಿದ್ದೆ." ಅಷ್ಟೇ ಹೇಳಿದರು.

ಬೆಳಗಾವಿಗೆ ಬಂದವನೇ ನೇರ ಅಂಗಡಿಗೆ ಹೋದೆ. ಈ ಸಲದ ಸರಣಿ ಖಾನಾಪುರಕ್ಕೂ ಹೋಗಬೇಕು, ಅಕ್ಕೋರು ಪರದೆಯ ಬಾಜೂಕ್ಕೆ ನಿಲ್ಲಬೇಕು ಎಂದೆ. ಕಾರಣವನ್ನೂ ಹೇಳಿದೆ. ಗೆಳೆಯ ಗಜಕೋಲು ಕೆಳಗಿಟ್ಟು ಎಲ್ಲ ಕೇಳಿದ.

"ಅಲ್ಲಪಾ ಪ್ರೊಫೆಸರ, ಅವತ್ತ ನೀನ ಅಂದಿ, ಅಕ್ಕೋರು ಇಲ್ಲದ್ದ ಹೇಳ್ತಾರ, ಬಂದ್ ಮಾಡು ಅಂತ. ಬಂದ್ ಮಾಡಿದೆ. ಇವತ್ತ ಅಂತೀ, ಇಲ್ಲದ್ದನ್ನ ನಾನೂ ನೋಡೀನಿ, ಚಾಲೂ ಮಾಡು ಅಂತ. ನಿನ್ನ ಯಾವ ನೆನಪನ್ನ ನಂಬಲಿ?"

"ಮೂವರಿಗೂ ನೆನಪ ಐತಲ್ಲೋ."

"ಮೂರೂ ಮಂದಿ ಕಟ್ಟಿ ಮ್ಯಾಲ ಕುಂತು ಚಹಾ ಕುಡಕೋತ ನೆನಪ ಮಾಡಕೊಂಡೀರಿ. ಇದನ್ನ ಬ್ಯಾರೆ ಯಾರರೆ ಹೇಳಿದ್ರ ನೀ ಏನ ಅಂತಿದ್ದಿ?"

ಪುರಾವೆ ಎಲ್ಲಿದೆ ಎನ್ನುತ್ತಿದ್ದೆ. ಅವನು ನನ್ನ ಮಾತನ್ನೇ ನನಗೆ ತಿರುಗಿಸಿದ್ದ. ಅದೂ ಸರಿಯಾಗಿಯೇ. ಕರೆಂಟು ಹೋಗಿದ್ದರೆ ಸಿನಿಮಾ ನಿಲ್ಲಿಸಿದ್ದು ನನ್ನದೇ ಬೆರಳು. ಲ್ಯಾಪ್‌ಟಾಪು ಮುಚ್ಚಿದ್ದು ನಾನೇ, ಮತ್ತೆ ತೆರೆದು ಒತ್ತಿದ್ದೂ ನಾನೇ. ಅದು ಯಾವುದೂ ನನ್ನ ತಲೆಯಲ್ಲಿ ಉಳಿದಿಲ್ಲ. ಸೆರಗು ಉಳಿದಿದೆ. ಕೂದಲು ಅಲುಗಿದ್ದು ಉಳಿದಿದೆ. ಇಂಥ ತಲೆಯನ್ನು ನಂಬಿ ಯಾರೂ ಏನನ್ನೂ ನಿರ್ಧರಿಸಬಾರದು.

ಆದರೂ ರಾತ್ರಿ ನಿದ್ದೆ ಬರಲಿಲ್ಲ. ಫ್ರೆಂಚಿನಿಂದ ಇಂಗ್ಲಿಷಿಗೆ, ಇಂಗ್ಲಿಷಿನಿಂದ ಮರಾಠಿಗೆ ಬಂದ ಒಂದು ಕಾದಂಬರಿ. ಅದೇ ಕಾದಂಬರಿ ಇನ್ನೊಂದು ದಾರಿ ಹಿಡಿದು ಪೋರ್ಚುಗಲ್‌ನ ಗುಡ್ಡ ಹತ್ತಿ ಬಂದ ಸಿನಿಮಾ. ಎರಡೂ ಖಾನಾಪುರದ ಒಂದು ಶಾಲೆಯಲ್ಲಿ ಕೂಡಿದವು. ಬರೆದವನು ಒಂದು ಸಾಲಿನಲ್ಲಿ ದಾಟಿದ್ದನ್ನು, ಚಿತ್ರ ತೆಗೆದವನು ಪೂರ್ತಿ ದಾಟಿದ್ದನ್ನು, ಅದರ ಕೆಲಸ ಬಲ್ಲ ಒಬ್ಬ ಮುದುಕ ಹಿಂದಿನ ಸಾಲಿನಲ್ಲಿ ಕೂತು ಕೇಳಿದ: ತೆರೆಯುವುದು ಯಾವಾಗ? ಕಾದಂಬರಿ ಓದಿದ ನಾನು ಅದನ್ನು ಕೇಳಿರಲಿಲ್ಲ. ಇದೆಲ್ಲ ನಡೆದದ್ದೇ ಹೌದಾದರೆ ನನ್ನ ಜೀವನದಲ್ಲಿ ನಾನು ನೋಡಿದ ಅತಿ ದೊಡ್ಡ ಸಿನಿಮಾ ಅದು. ನಡೆದದ್ದು ಹೌದೇ?

ಆಟದ ತಾರೀಖು ಗೆಳೆಯನ ಕಪಾಟಿನಲ್ಲಿದ್ದ ಹಳೆಯ ಕರಪತ್ರದಲ್ಲಿ ಸಿಕ್ಕಿತು. ಅದನ್ನು ಹಿಡಿದು ನಾನು ಖಾನಾಪುರದ ಕರೆಂಟ್ ಆಫೀಸಿಗೆ ಹೋದೆ. ಲೈನು ಬಂದ್ ಮಾಡಿದಾಗಲೆಲ್ಲ ಹೊತ್ತು ಬರೆದಿಡುವ ಪುಸ್ತಕ ಅಲ್ಲಿರುತ್ತದೆ ಎಂದು ಚಾಚಾ ಹೇಳಿದ್ದರು. ಅಲ್ಲಿದ್ದವರು ತಾರೀಖು ನೋಡಿ ಕನ್ನಡಕ ತೆಗೆದರು.

"ಎಂಟು ವರ್ಷದ ಹಿಂದ ಕರೆಂಟ ಹೋಗಿತ್ತಂತ ಇವತ್ತ ತಕರಾರ ಕೊಡಾಕ ಬಂದೀರೇನ್ರಿ ಸರ?"

"ತಕರಾರ ಅಲ್ಲರಿ. ಹೋಗಿದ್ರ ಉಪಕಾರ ಆಗತೈತಿ."

ಅವರು ಕನ್ನಡಕ ಮತ್ತೆ ಏರಿಸಿಕೊಂಡರು. ಆಮೇಲೆ, ಹುಚ್ಚನ ಜೊತೆ ವಾದ ಬೇಡ ಎಂದೋ ಏನೋ, ಎದ್ದು ಹಿಂದಿನ ಕೋಣೆಗೆ ಹೋದರು. ನಾನು ಬಾಗಿಲಿನಿಂದ ಕಿಟಕಿಗೆ, ಕಿಟಕಿಯಿಂದ ಬಾಗಿಲಿಗೆ ಓಡಾಡಿದೆ. ಧೂಳು ಹಿಡಿದ ದಪ್ಪ ಪುಸ್ತಕವೊಂದನ್ನು ತಂದು ಮೇಜಿನ ಮೇಲೆ ಹಾಕಿ, "ನೀವ ಹುಡಕ್ರಿ" ಎಂದರು.

ಆ ದಿನದ ಪುಟದ ಫೋಟೋ ಗೆಳೆಯನಿಗೆ ಕಳಿಸಿದೆ. ಸಂಜೆ ಅವನ ಫೋನು ಬಂತು. ಊಟ ಮುಗಿದಿರಬೇಕು, ದನಿ ಶಾಂತವಾಗಿತ್ತು. "ಮೈಕ ಎರಡು ಹೇಳೀನಿ. ಒಂದು ಅಕ್ಕೋರಿಗೆ, ಒಂದು ಹಿಂದಿನ ಸಾಲಿಗೆ" ಎಂದ. ಈ ವರ್ಷ ಅಕ್ಕೋರು ಖಾನಾಪುರದಲ್ಲಿ ಮತ್ತೆ ಪರದೆಯ ಬಾಜೂಕ್ಕೆ ನಿಂತಿದ್ದಾರೆ. ಮೊದಲ ಆಟಕ್ಕೆ ಆರನೆಯ ಸಿನಿಮಾವನ್ನೇ ಇಟ್ಟೆವು. ಕೆಂಪು ಶಾಯಿಯಲ್ಲಿ ಬರೆದಿದ್ದ ‘ಹೇಳಬಾರದು’ಗಳನ್ನೆಲ್ಲ ಅವರು ಹೇಳಿದರು, ನನ್ನನ್ನು ಒಮ್ಮೆ ನೋಡಿ.

ಕರೆಂಟ್ ಆಫೀಸಿನ ಪುಸ್ತಕದಲ್ಲಿದ್ದದ್ದು ಇಷ್ಟು. ಕರಪತ್ರದ ಅದೇ ತಾರೀಖು, ರವಿವಾರ. ಊರಿನ ಲೈನು ದುರಸ್ತಿಗಾಗಿ ಬಂದ್: ಮಧ್ಯಾಹ್ನ ಹನ್ನೆರಡು ಗಂಟೆ ಹತ್ತು ನಿಮಿಷ. ಮತ್ತೆ ಚಾಲೂ: ಹನ್ನೆರಡು ಮೂವತ್ತೆಂಟು. ನಾವು ಸಿನಿಮಾ ಶುರು ಮಾಡಿದ್ದು ಹನ್ನೊಂದಕ್ಕೆ. ವಿಧವೆ ಭಟ್ಟಿಯ ಬಾಗಿಲಿಗೆ ಮಣ್ಣು ಮೆತ್ತಿ ಕೈ ಒರೆಸಿಕೊಳ್ಳುವುದು ಎಪ್ಪತ್ತನೆಯ ನಿಮಿಷದಲ್ಲಿ.